ಪಾರೀಕತ್ತಿನ ಮೂರನೇ ಹೆಸರು: ಮನೆತನದ ಹಿಂದಿನವರನ್ನು ಹುಡುಕುವುದು ಹೇಗೆ?

ನಮ್ಮ ಮನೆಗೆ ಇ-ಖಾತಾ, ಅಂದರೆ ಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ರೂಪ, ಮಾಡಿಸಬೇಕಾಗಿ ಬಂತು. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಆಸ್ತಿ ನೋಂದಣಿಗೆ ಇ-ಖಾತಾ ಬೇಕೇ ಬೇಕು. ಹಾಗಾಗಿ ಎಷ್ಟೋ ಮನೆಗಳಲ್ಲಿ ಬೀರುವಿನ ಮೇಲಿದ್ದ ಟ್ರಂಕು ಕೆಳಗೆ ಇಳಿದಿದೆ. ನಮ್ಮಲ್ಲೂ ಇಳಿಯಿತು. ಕ್ರಯಪತ್ರ, ಕಂದಾಯದ ರಸೀತಿಗಳ ಅಡಿಯಲ್ಲಿ ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಹಳೇ ಪಾಲು ಪಾರೀಕತ್ತು, ಅಂದರೆ ಆಸ್ತಿ ಹಂಚಿಕೆಯ ಪತ್ರ, ಸಿಕ್ಕಿತು. ಮಾಗಡಿ ಕಡೆಯ ನಮ್ಮೂರಿನ ಜಮೀನು ಭಾಗವಾದಾಗ ಬರೆದದ್ದು. ಅದರಲ್ಲಿ ಪಾಲು ತೆಗೆದುಕೊಂಡವರು ಮೂರು ಜನ. ಒಬ್ಬರು ನಮ್ಮ ಮುತ್ತಜ್ಜ. ಇನ್ನೊಬ್ಬರು ಅವರ ತಮ್ಮ. ಮೂರನೆಯದು ಒಬ್ಬ ಹೆಂಗಸಿನ ಹೆಸರು. ಆಕೆ ಯಾರು ಅಂತ ಅಪ್ಪನಿಗೂ ಗೊತ್ತಿರಲಿಲ್ಲ, ದೊಡ್ಡಪ್ಪನಿಗೂ ಗೊತ್ತಿರಲಿಲ್ಲ.

ಇಂಥ ಪ್ರಶ್ನೆ ಈಗ ತುಂಬಾ ಮನೆಗಳಲ್ಲಿ ಏಳುತ್ತಿದೆ. ಊರಿನ ಪಹಣಿ, ಅಂದರೆ ಜಮೀನಿನ ಹಕ್ಕಿನ ದಾಖಲೆ, ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇರುತ್ತದೆ. ಅದನ್ನು ಬದಲಾಯಿಸಲು ವಂಶವೃಕ್ಷ ತನ್ನಿ ಅನ್ನುತ್ತಾರೆ. ಅಮೆರಿಕದಲ್ಲಿರುವ ಮೊಮ್ಮಗಳು ಫೋನ್ ಮಾಡಿ ‘ಶಾಲೆಯಲ್ಲಿ ಫ್ಯಾಮಿಲಿ ಟ್ರೀ ಬರೆಯಬೇಕು, ನಿಮ್ಮಜ್ಜಿ ಹೆಸರೇನು’ ಅಂತ ಕೇಳುತ್ತಾಳೆ. ಗೂಗಲ್‌ನಲ್ಲಿ ಮುತ್ತಜ್ಜನ ಹೆಸರು ಹಾಕಿ ನೋಡುತ್ತೇವೆ. ಏನೂ ಸಿಗುವುದಿಲ್ಲ. ಯಾಕೆ ಸಿಗುವುದಿಲ್ಲ, ಹಾಗಾದರೆ ಎಲ್ಲಿ ಸಿಗುತ್ತದೆ ಅನ್ನುವುದೇ ಈ ಲೇಖನ.

ಎರಡು ವಂಶವೃಕ್ಷ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಾಡಕಚೇರಿ ಮೂಲಕ ಸಿಗುವ ವಂಶವೃಕ್ಷ ಒಂದು ಸರ್ಕಾರಿ ಪ್ರಮಾಣಪತ್ರ. ತೀರಿಹೋದ ಒಬ್ಬರಿಗೆ ಯಾರು ಯಾರು ವಾರಸುದಾರರು ಅಂತ ತೋರಿಸುವುದಕ್ಕೆ ಅದು. ಮನೆಯವರು ಅಫಿಡವಿಟ್ ಕೊಡುತ್ತಾರೆ, ಗ್ರಾಮ ಆಡಳಿತಾಧಿಕಾರಿ ವಿಚಾರಿಸಿ ವರದಿ ಕೊಡುತ್ತಾರೆ. ಅಂದರೆ ಆ ಪತ್ರಕ್ಕೆ ಮಾಹಿತಿ ಕೊಡುವವರು ನಾವೇ. ನಮಗೆ ಗೊತ್ತಿಲ್ಲದ್ದನ್ನು ಅದು ಹೇಳುವುದಿಲ್ಲ.

ನಾವು ಇಲ್ಲಿ ಮಾತಾಡುತ್ತಿರುವುದು ಇನ್ನೊಂದು ವಂಶವೃಕ್ಷ. ನಮ್ಮಿಂದ ಶುರುಮಾಡಿ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ, ಪ್ರತಿ ಮೆಟ್ಟಿಲಿಗೂ ಒಂದು ಆಧಾರ ಹುಡುಕುವ ಕೆಲಸ. ಲೆಕ್ಕ ಸುಲಭ. ಅಪ್ಪ ಅಮ್ಮ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಮುತ್ತಜ್ಜ ಮುತ್ತಜ್ಜಿಯರು 8 ಜನ. ಹತ್ತನೇ ತಲೆಮಾರಿಗೆ 1,024. ಅದಕ್ಕೇ ಎಲ್ಲರನ್ನೂ ಒಟ್ಟಿಗೆ ಹುಡುಕಲು ಹೋಗಬಾರದು. ಒಂದು ಎಳೆ ಹಿಡಿದು ಹೊರಡಬೇಕು.

ನಮ್ಮವರು ಗೂಗಲ್‌ನಲ್ಲಿ ಯಾಕೆ ಸಿಗುವುದಿಲ್ಲ?

ಬ್ರಿಟನ್ ಅಥವಾ ಅಮೆರಿಕದವರು ಹೆಸರು ಟೈಪ್ ಮಾಡಿದರೆ ನೂರು ವರ್ಷದ ಹಿಂದಿನ ಮನೆಮಂದಿಯ ಪಟ್ಟಿ ಬರುತ್ತದೆ. ಅದಕ್ಕೆ ಮುಖ್ಯ ಕಾರಣ ಜನಗಣತಿ. ಇಂಗ್ಲೆಂಡಿನ 1921ರ ಗಣತಿಯ ಮನೆಮನೆಯ ಹಾಳೆಗಳನ್ನು ನೂರು ವರ್ಷ ಕಾದು 2022ರಲ್ಲಿ ಎಲ್ಲರಿಗೂ ತೆರೆದರು. ಅಮೆರಿಕ 72 ವರ್ಷ ಕಾಯುತ್ತದೆ. ಅಲ್ಲಿನ 1950ರ ಗಣತಿಯೂ 2022ರಲ್ಲೇ ತೆರೆಯಿತು.

ನಮ್ಮಲ್ಲಿ 1881ರಿಂದ 2011ರವರೆಗೆ ಹತ್ತು ವರ್ಷಕ್ಕೊಮ್ಮೆ ಗಣತಿ ನಡೆದಿದೆ. ಆದರೆ ನಮಗೆ ಸಿಗುವುದು ಊರಿಗೆ, ಜಿಲ್ಲೆಗೆ ಎಷ್ಟು ಜನ ಅನ್ನುವ ಲೆಕ್ಕ ಮಾತ್ರ. ಯಾರ ಮನೆಯಲ್ಲಿ ಯಾರಿದ್ದರು ಅನ್ನುವ ಹಾಳೆ ಸಿಗುವುದಿಲ್ಲ. 1948ರ ಜನಗಣತಿ ಕಾಯ್ದೆಯ ಪ್ರಕಾರ ಅವುಗಳನ್ನು ಯಾರಿಗೂ ತೋರಿಸುವಂತಿಲ್ಲ.

ಎರಡನೇ ಕಾರಣ ನಮ್ಮ ಹೆಸರುಗಳು. ಹಳೇ ಮೈಸೂರು ಕಡೆ ಮನೆತನದ ಹೆಸರೇ ಇರುವುದಿಲ್ಲ. ಹೆಸರಿನ ಹಿಂದೆ ಊರಿನ ಮೊದಲ ಅಕ್ಷರ, ಅಪ್ಪನ ಹೆಸರಿನ ಮೊದಲ ಅಕ್ಷರ, ಅಷ್ಟೆ. ಮಗನ ಇನಿಶಿಯಲ್ ಅಪ್ಪನದಕ್ಕಿಂತ ಬೇರೆ. ಉತ್ತರ ಕರ್ನಾಟಕದವರಿಗೆ ಅಡ್ಡಹೆಸರು ಇದೆ. ಕುಲಕರ್ಣಿ, ಪಾಟೀಲ, ಕಂಬಾರ, ಬೆಲ್ಲದ ಅಂತ. ಆದರೆ ಊರಿಗೊಬ್ಬ ಪಾಟೀಲ ಇದ್ದದ್ದರಿಂದ ಅಡ್ಡಹೆಸರು ಒಂದೇ ಅಂದ ಮಾತ್ರಕ್ಕೆ ನೆಂಟರಾಗುವುದಿಲ್ಲ. ಇದರ ಜೊತೆಗೆ ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ. ತಿಮ್ಮಯ್ಯನ ಮಗ ರಾಮಯ್ಯ, ರಾಮಯ್ಯನ ಮಗ ತಿಮ್ಮಯ್ಯ. ಕಾಗದದಲ್ಲಿ ಕಂಡ ತಿಮ್ಮಯ್ಯ ಯಾವ ತಿಮ್ಮಯ್ಯ?

ಹಾಗಾಗಿ ನಮ್ಮಲ್ಲಿ ಹೆಸರು ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ಊರು ಹಿಡಿದು ಹೊರಡಬೇಕು. ಊರು, ಅಪ್ಪನ ಹೆಸರು, ಜಮೀನಿನ ಸರ್ವೆ ನಂಬರ್, ಮನೆದೇವರು. ಈ ನಾಲ್ಕರಲ್ಲಿ ಮೂರು ಹೊಂದಿದರೆ ಅವರು ನಮ್ಮವರೇ ಅಂತ ಹೆಚ್ಚು ಕಡಿಮೆ ನಂಬಬಹುದು.

ಮನೆದೇವರನ್ನು ಯಾಕೆ ಸೇರಿಸಿದೆ ಅಂದರೆ, ಜನ ಊರು ಬಿಟ್ಟರೂ ದೇವರನ್ನು ಬಿಡುವುದಿಲ್ಲ. ನಾಲ್ಕು ತಲೆಮಾರಿನಿಂದ ಬೆಂಗಳೂರಲ್ಲೇ ಇರುವವರೂ ಮದುವೆಯ ಮೊದಲ ಪತ್ರಿಕೆ ಇಡುವುದಕ್ಕೆ ಎಲ್ಲೋ ಒಂದು ಬೆಟ್ಟಕ್ಕೆ, ಹಳ್ಳಿಯ ಗುಡಿಗೆ ಹೋಗುತ್ತಾರೆ. ಆ ಗುಡಿಯ ಒಕ್ಕಲು ನೀವು ಅಂದರೆ ಮನೆತನದ ಹಳೇ ನೆಲೆ ಆ ಸುತ್ತಲಲ್ಲೇ ಎಲ್ಲೋ ಇರುವ ಸಾಧ್ಯತೆ ಜಾಸ್ತಿ. ಅಲ್ಲಿನ ಪೂಜಾರಿ ಮನೆಯವರಿಗೆ ಒಕ್ಕಲಿನ ಬೇರೆ ಕವಲುಗಳೂ ಗೊತ್ತಿರುತ್ತವೆ.

ಹಿರಿಯರನ್ನು ಕೇಳುವ ಬಗೆ

ಆನ್‌ಲೈನ್‌ಗೆ ಹೋಗುವ ಮೊದಲು ಮನೆಯ ಹಿರಿಯರ ಹತ್ತಿರ ಕೂರಬೇಕು. ಇದನ್ನು ಮುಂದಕ್ಕೆ ಹಾಕಬೇಡಿ. ಕಾಗದ ಇನ್ನೂ ಹತ್ತು ವರ್ಷ ಇರುತ್ತದೆ, ಅಜ್ಜಿ ಇರುತ್ತಾರೋ ಇಲ್ಲವೋ.

‘ಮುತ್ತಜ್ಜ ಯಾವ ಇಸವಿಯಲ್ಲಿ ಹುಟ್ಟಿದ್ದು’ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಅವರಿಗೆ ಕಾಲ ನೆನಪಿರುವುದು ಘಟನೆಗಳಿಂದ. ‘ಪ್ಲೇಗ್ ಬಂದಾಗ ಊರು ಬಿಟ್ಟು ತೋಟದಲ್ಲಿ ಗುಡಿಸಲು ಹಾಕಿದ್ದರಂತೆ, ಆಗ ನಮ್ಮತ್ತೆ ಕೈಗೂಸು’ ಅನ್ನುತ್ತಾರೆ. ಬೆಂಗಳೂರಿಗೆ ಪ್ಲೇಗ್ ಬಂದದ್ದು 1898ರಲ್ಲಿ. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ತುಂಬಿಕೊಂಡದ್ದು ಅದರ ಪೆಟ್ಟಿನಿಂದಲೇ. ದೊಡ್ಡ ಜ್ವರ ಅಂದರೆ 1918ರ ಇನ್‌ಫ್ಲುಯೆಂಜಾ ಇರಬಹುದು. ಧಾತು-ಈಶ್ವರ ಬರ ಅಂದರೆ 1876ರಿಂದ 1878ರವರೆಗೆ ಮೈಸೂರು ಸೀಮೆಯಲ್ಲಿ ಲಕ್ಷಗಟ್ಟಲೆ ಜನರನ್ನು ಬಲಿ ತೆಗೆದುಕೊಂಡ ಬರಗಾಲ.

ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹಳೇ ಫೋಟೋ ಒಂದು ಕೈಗೆ ಕೊಟ್ಟು ಕೇಳಿ, ಮಾತು ತಾನಾಗೇ ಬರುತ್ತದೆ. ತವರಿನ ಊರು ಕೇಳುವುದನ್ನು ಮರೆಯಬೇಡಿ. ಅಜ್ಜಿಯ ತವರು, ಅಜ್ಜಿಯ ಅಮ್ಮನ ತವರು. ಈ ಮಾಹಿತಿ ಕಾಗದದಲ್ಲಿ ಸಿಗುವುದು ಬಹಳ ಅಪರೂಪ.

ಪಹಣಿ ಓದುವುದು

ಹಳ್ಳಿಯಲ್ಲಿ ತುಂಡು ನೆಲವಾದರೂ ಇದ್ದ ಮನೆತನಕ್ಕೆ ಅತಿ ದೊಡ್ಡ ಆಧಾರ ಜಮೀನಿನ ದಾಖಲೆ. ಸರ್ಕಾರಕ್ಕೆ ನಮ್ಮ ವಂಶದ ಮೇಲೆ ಆಸಕ್ತಿ ಇರಲಿಲ್ಲ, ಕಂದಾಯದ ಮೇಲೆ ಇತ್ತು. ಕಂದಾಯ ಯಾರಿಂದ ವಸೂಲಿ ಮಾಡಬೇಕು ಅಂತ ಬರೆದಿಟ್ಟದ್ದೇ ನಮಗೆ ವಂಶಾವಳಿಯಾಗಿ ಉಳಿದಿದೆ.

ಭೂಮಿ ಯೋಜನೆಯಲ್ಲಿ ಸುಮಾರು 2000ನೇ ಇಸವಿಯಿಂದ ಪಹಣಿಗಳು ಕಂಪ್ಯೂಟರಿಗೆ ಬಂದವು. ಈಗ ಭೂಮಿ ವೆಬ್‌ಸೈಟ್‌ನಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಆರಿಸಿದರೆ ಮನೆಯಲ್ಲೇ ನೋಡಬಹುದು. ಅದರಲ್ಲಿ 9ನೇ ಕಾಲಂ ನೋಡಿ. ಅಲ್ಲಿ ಖಾತೆದಾರರ ಹೆಸರು, ಅವರ ತಂದೆಯ ಹೆಸರು, ಎಷ್ಟು ಎಕರೆ ಎಷ್ಟು ಗುಂಟೆ ಅಂತ ಇರುತ್ತದೆ. ಪಕ್ಕದ 10ನೇ ಕಾಲಂನಲ್ಲಿ ಆ ಜಮೀನು ಅವರಿಗೆ ಹೇಗೆ ಬಂತು ಅಂತ ಇರುತ್ತದೆ. ಜೊತೆಗೆ ಒಂದು ಎಂ.ಆರ್. ನಂಬರ್. ಎಂ.ಆರ್. ಅಂದರೆ ಮ್ಯುಟೇಶನ್ ರಿಜಿಸ್ಟರ್, ಹಕ್ಕು ಒಬ್ಬರಿಂದ ಒಬ್ಬರಿಗೆ ಬದಲಾದದ್ದನ್ನು ಬರೆಯುವ ಪುಸ್ತಕ.

ಇಲ್ಲಿ ಮೂರು ಪುಟ್ಟ ಪದಗಳನ್ನು ಗುರುತಿಟ್ಟುಕೊಳ್ಳಬೇಕು.

‘ಬಿನ್’ ಅಂದರೆ ಮಗ. ರಾಮಯ್ಯ ಬಿನ್ ತಿಮ್ಮಯ್ಯ ಅಂದರೆ ತಿಮ್ಮಯ್ಯನ ಮಗ ರಾಮಯ್ಯ. ಅರಬ್ಬಿಯಿಂದ ಬಂದ ಪದ, ನಮ್ಮ ಕಂದಾಯ ಕಾಗದಗಳಲ್ಲಿ ಎಲ್ಲ ಜಾತಿ ಧರ್ಮದವರ ಹೆಸರಿಗೂ ಸೇರಿಕೊಂಡಿದೆ.

‘ಕೋಂ’ ಅಂದರೆ ಹೆಂಡತಿ. ಲಕ್ಷ್ಮಮ್ಮ ಕೋಂ ರಾಮಯ್ಯ ಅಂದರೆ ರಾಮಯ್ಯನ ಹೆಂಡತಿ ಲಕ್ಷ್ಮಮ್ಮ. ಗಂಡ ತೀರಿಹೋಗಿದ್ದರೆ ಸಾಮಾನ್ಯವಾಗಿ ‘ಕೋಂ ಲೇಟ್’ ಅಂತ ಬರೆದಿರುತ್ತಾರೆ.

‘ಪೌತಿ’ ಅಂದರೆ ತೀರಿಹೋದದ್ದು. ಪೌತಿ ಖಾತೆ ಅಂದರೆ ಖಾತೆದಾರ ಸತ್ತ ಮೇಲೆ ವಾರಸುದಾರರ ಹೆಸರಿಗೆ ಆದ ಬದಲಾವಣೆ. ಮನೆತನ ಹುಡುಕುವವರಿಗೆ ಇದಕ್ಕಿಂತ ಬೆಲೆಬಾಳುವ ಕಾಗದ ಇನ್ನೊಂದಿಲ್ಲ. ಒಂದೇ ನಮೂದಿನಲ್ಲಿ ಅಪ್ಪ, ಮಕ್ಕಳು, ಕೆಲವೊಮ್ಮೆ ಹೆಂಡತಿ, ಹೆಚ್ಚು ಕಡಿಮೆ ತೀರಿಕೊಂಡ ಕಾಲ, ಎಲ್ಲ ಸಿಗುತ್ತವೆ.

ದಾರಿ ಹೀಗೆ: ಈಗಿನ ಪಹಣಿಯಿಂದ ಎಂ.ಆರ್. ನಂಬರ್ ತೆಗೆದುಕೊಳ್ಳಿ. ಆ ಎಂ.ಆರ್. ನಕಲು ನೋಡಿದರೆ ಹಿಂದಿನ ಖಾತೆದಾರ ಸಿಗುತ್ತಾನೆ. ಅವನಿಗೆ ಹೇಗೆ ಬಂತು ಅಂತ ಅದರ ಹಿಂದಿನ ಪಹಣಿ ಹೇಳುತ್ತದೆ. ಬಾವಿಯ ಮೆಟ್ಟಿಲು ಇಳಿದ ಹಾಗೆ. ಕಂಪ್ಯೂಟರ್ ಕಾಲ ಮುಗಿದಲ್ಲಿ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ ಕೈಬರಹದ ಪಹಣಿ ಕೇಳಬೇಕು. ಅದಕ್ಕೂ ಹಿಂದೆ ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್ ಪುಸ್ತಕಗಳಿವೆ. ಐ.ಎಲ್., ಆರ್.ಆರ್. ಅಂದರೆ ಅಲ್ಲಿನವರಿಗೆ ತಿಳಿಯುತ್ತದೆ. ಭೂ ಸುರಕ್ಷಾ ಅನ್ನುವ ಯೋಜನೆಯಲ್ಲಿ ಈ ಹಳೇ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸ ನಡೆಯುತ್ತಿದೆ. ಪುಡಿಯಾಗುತ್ತಿರುವ ಹಾಳೆಗಳನ್ನು ಕಂಡವರಿಗೆ ಇದು ಎಷ್ಟು ದೊಡ್ಡ ಕೆಲಸ ಅಂತ ಗೊತ್ತು.

ಸರ್ವೆ ನಂಬರೇ ಗೊತ್ತಿಲ್ಲ, ಊರು ಬೆಂಗಳೂರಿನೊಳಗೆ ಕರಗಿಹೋಗಿದೆ ಅನ್ನುವವರಿಗೆ ದಿಶಾಂಕ್ ಆ್ಯಪ್ ಇದೆ. ಈಗಿನ ಲೇಔಟಿನ ಯಾವುದೋ ಕ್ರಾಸಿನಲ್ಲಿ ನಿಂತು ಅದನ್ನು ತೆರೆದರೆ ನಿಮ್ಮ ಕಾಲಡಿಯ ನೆಲ ಯಾವ ಹಳ್ಳಿಯ ಎಷ್ಟನೇ ಸರ್ವೆ ನಂಬರ್ ಅಂತ ತೋರಿಸುತ್ತದೆ. ‘ತಾತನ ಹೊಲ ಆ ಮುನೇಶ್ವರನ ಗುಡಿ ಪಕ್ಕ ಇತ್ತು’ ಅನ್ನುವಷ್ಟು ಗೊತ್ತಿದ್ದರೂ ಸಾಕು, ಅಲ್ಲಿಗೇ ಹೋಗಿ ನಿಂತು ನೋಡಬಹುದು.

ಸಂವತ್ಸರದಿಂದ ಇಸವಿಗೆ

ಹಳೇ ಪತ್ರದಲ್ಲಿ ಇಸವಿ ಇಲ್ಲದೆ ಬರೀ ಸಂವತ್ಸರ ಇದ್ದರೆ ಗಾಬರಿ ಬೇಡ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 1987ರ ಯುಗಾದಿಗೆ ಮೊದಲನೆಯದಾದ ಪ್ರಭವ ಶುರುವಾಯಿತು. ಅದಕ್ಕೂ ಮೊದಲು 1927, 1867. ಅಲ್ಲಿಂದ ಎಣಿಸಿಕೊಂಡು ಹೋಗಬಹುದು. ಶಾಲಿವಾಹನ ಶಕ ಕೊಟ್ಟಿದ್ದರೆ 78 ಕೂಡಿಸಿದರೆ ಆಯಿತು.

ನಮಗೆ ಸಿಕ್ಕ ಪಾರೀಕತ್ತಿನಲ್ಲಿ ‘ಯುವ ನಾಮ ಸಂವತ್ಸರದ ಮಾಘ’ ಅಂತ ಇತ್ತು. ಯುವ ಸಂವತ್ಸರ ಬಂದದ್ದು 1875ರಲ್ಲಿ, 1935ರಲ್ಲಿ, 1995ರಲ್ಲಿ. ಅಪ್ಪ ಚಿಕ್ಕವರಿದ್ದಾಗ ಮುತ್ತಜ್ಜ ಬದುಕಿದ್ದರು, ಹಾಗಾಗಿ 1875 ಆಗಲು ಸಾಧ್ಯವಿಲ್ಲ. 1935 ಅಂತ ತೀರ್ಮಾನಿಸಿದೆವು. ಆದರೆ ಮಾಘ ಮಾಸ ಯುಗಾದಿಗೆ ಮುಂಚೆ ಬರುವುದರಿಂದ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಅದು 1936ರ ಶುರು. ಪುಷ್ಯ, ಮಾಘ, ಫಾಲ್ಗುಣ ಇದ್ದರೆ ಈ ಒಂದು ವರ್ಷದ ತಪ್ಪು ಎಲ್ಲರಿಗೂ ಆಗುತ್ತದೆ. ನಮಗೂ ಆಗಿತ್ತು.

ಜಮೀನೇ ಇರಲಿಲ್ಲ ಅಂದರೆ?

ಪಹಣಿಯಲ್ಲಿ ಹೆಸರಿಲ್ಲದ ಮನೆತನಗಳೂ ತುಂಬಾ ಇವೆ. ಬೇರೆಯವರ ಹೊಲ ಉತ್ತವರು, ಕೂಲಿ ಮಾಡಿದವರು, ಮಗ್ಗ ನೇಯ್ದವರು, ಮಡಕೆ ಮಾಡಿದವರು. ಅವರ ಜಾಡು ಹಿಡಿಯುವುದು ಕಷ್ಟ, ಆದರೆ ದಾರಿಗಳಿವೆ.

ಗೇಣಿದಾರರ ಮನೆಯವರಾದರೆ 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಭೂ ನ್ಯಾಯಮಂಡಳಿಗೆ ಹಾಕಿದ ನಮೂನೆ 7ರ ಅರ್ಜಿ ಹುಡುಕಿ. ಉಳುವವನೇ ಒಡೆಯ ಅನ್ನುವ ಕಾಲದ ಅರ್ಜಿ ಅದು. ಯಾರ ಜಮೀನನ್ನು ಯಾರು ಉಳುತ್ತಿದ್ದರು ಅಂತ ಅದರಲ್ಲಿ ಇರುತ್ತದೆ. ತಳವಾರಿಕೆ, ತೋಟಿ, ಶ್ಯಾನುಭೋಗಿಕೆ, ಪಟೇಲಿಕೆ ಮಾಡಿದ ಮನೆಗಳಿಗೆ 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆಯಡಿ ಜಮೀನು ಮರಳಿ ಮಂಜೂರಾದ ಕಡತಗಳಿರುತ್ತವೆ.

ಶಾಲೆಯ ದಾಖಲಾತಿ ಪುಸ್ತಕವೂ ಒಳ್ಳೆಯ ಆಧಾರ. ಅಪ್ಪನ ಹೆಸರು, ಊರು, ಕಸುಬು ಸಿಗುತ್ತದೆ. ಹುಟ್ಟಿದ ತಾರೀಕನ್ನು ಮಾತ್ರ ನಂಬಬೇಡಿ, ಎಷ್ಟೋ ಸಲ ಅದು ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದು. 2002ರ ಮತದಾರರ ಪಟ್ಟಿ ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟ್‌ನಲ್ಲಿದೆ. ಮನೆ ನಂಬರ್ ಪ್ರಕಾರ ಇರುವುದರಿಂದ ಒಂದೇ ಸೂರಿನಡಿ ಇದ್ದವರು ಒಟ್ಟಿಗೆ ಕಾಣುತ್ತಾರೆ.

ಕ್ರೈಸ್ತ ಮನೆಗಳಿಗೆ ಚರ್ಚಿನ ಜ್ಞಾನಸ್ನಾನ, ಮದುವೆ, ಸಮಾಧಿ ಪುಸ್ತಕಗಳಿವೆ. ಮುಸ್ಲಿಮರಲ್ಲಿ ಖಾಜಿಗಳ ನಿಕಾಹ್ ಪುಸ್ತಕ. ಬೆಂಗಳೂರು ದಂಡು ಪ್ರದೇಶ 1809ರಲ್ಲಿ ಶುರುವಾಗಿ 1947ರವರೆಗೆ ಬ್ರಿಟಿಷರ ಕೈಯಲ್ಲೇ ಇತ್ತು. ಅಲ್ಲಿನ ಆಂಗ್ಲೋ ಇಂಡಿಯನ್, ಯುರೋಪಿಯನ್ ಮನೆತನಗಳ ಚರ್ಚ್ ದಾಖಲೆಯ ಪ್ರತಿಗಳು ಮದರಾಸು ಪ್ರಾಂತ್ಯದ ಲೆಕ್ಕದಲ್ಲಿ ಲಂಡನ್ನಿಗೆ ಹೋದವು. ಅವರಿಗಾಗಿ ಫಿಬಿಸ್ (ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿ) ಅನ್ನುವ ಸಂಸ್ಥೆಯ ಉಚಿತ ಹುಡುಕಾಟವಿದೆ. ಸಂಸ್ಥಾನದ ಕಾಲದ ಸರ್ಕಾರಿ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರ ಇಲಾಖೆ ಇದೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ತಾಣದಲ್ಲಿ ಮನೆಯಿಂದಲೇ ಹುಡುಕಬಹುದು.

ಹೆಳವರನ್ನು ಮರೆಯುವಂತಿಲ್ಲ. ವಂಶಾವಳಿ ಹೇಳುವುದೇ ಅವರ ಕುಲಕಸುಬು. ಎತ್ತಿನ ಮೇಲೆ ಕೂತು ತಮ್ಮ ಪಾಲಿನ ಮನೆಗಳಿಗೆ ಕೆಲವು ವರ್ಷಕ್ಕೊಮ್ಮೆ ಬರುತ್ತಿದ್ದರು. ಮನೆತನ ಎಲ್ಲಿಂದ ಬಂತು, ಬೆಡಗು (ಕುಲದೊಳಗಿನ ಕವಲು) ಯಾವುದು, ಯಾರಿಗೆ ಎಷ್ಟು ಮಕ್ಕಳು ಅಂತ ಹಾಡಿನ ಹಾಗೆ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳುಕಡಿ ತೆಗೆದುಕೊಂಡು ಹೋಗುತ್ತಿದ್ದರು. ಈಗಲೂ ಉತ್ತರ ಮತ್ತು ಮಧ್ಯ ಕರ್ನಾಟಕದ ಹಳ್ಳಿಗಳಿಗೆ ಬರುವವರಿದ್ದಾರೆ. ನಿಮ್ಮ ಮೂಲ ಆ ಕಡೆ ಆಗಿದ್ದರೆ ಊರಿನವರನ್ನು ‘ನಮ್ಮ ಮನೆ ಹೆಳವರು ಯಾರು’ ಅಂತ ಕೇಳಿ ನೋಡಿ. ಬೇರೆ ಯಾವ ದಾಖಲೆಯಲ್ಲೂ ಇಲ್ಲದ ಎಂಟು ಹತ್ತು ತಲೆಮಾರು ಅವರ ಪುಸ್ತಕದಲ್ಲಿ ಇರಬಹುದು.

ವೆಬ್‌ಸೈಟ್‌ಗಳಿಂದ ಏನು ಉಪಯೋಗ?

ಫ್ಯಾಮಿಲಿಸರ್ಚ್ ಪೂರ್ತಿ ಉಚಿತ. ಅಮೆರಿಕದ ಒಂದು ಚರ್ಚ್ ನಡೆಸುತ್ತದೆ. ಹರಿದ್ವಾರದ ಪಂಡಾಗಳು, ಅಂದರೆ ತೀರ್ಥಕ್ಷೇತ್ರದ ಪುರೋಹಿತರು, ಇಟ್ಟ ಯಾತ್ರಿಕರ ಪುಸ್ತಕಗಳ ಚಿತ್ರಗಳು ಅದರಲ್ಲಿವೆ. ನಮ್ಮವರು ಜಾಸ್ತಿ ಹೋದದ್ದು ಕಾಶಿ, ಗಯಾಗಳಿಗೆ. ಅಲ್ಲೂ ಪಂಡಾಗಳು ಊರಿನ ಪ್ರಕಾರ ಪುಸ್ತಕ ಇಟ್ಟಿರುತ್ತಾರೆ, ಅಲ್ಲಿಗೇ ಹೋದಾಗ ಕೇಳಬೇಕು.

ಮೈಹೆರಿಟೇಜ್, ಜೆನಿ, ವಿಕಿಟ್ರೀ, ಆನ್ಸೆಸ್ಟ್ರಿ ಇನ್ನೂ ಕೆಲವು. ಕನ್ನಡದ ಮನೆತನಗಳಿಗೆ ಇವು ಹುಡುಕುವ ಜಾಗಕ್ಕಿಂತ ಹೆಚ್ಚಾಗಿ ಬರೆದಿಡುವ ಜಾಗ. ಸಿಕ್ಕಿದ್ದನ್ನು ಒಂದು ಕಡೆ ಜೋಡಿಸಬಹುದು, ದೂರದ ನೆಂಟರು ನೋಡಿ ಸೇರಿಸಬಹುದು. ಎಲ್ಲಿ ಬರೆದರೂ ಜೆಡ್‌ಕಾಮ್ ಅನ್ನುವ ಕಡತವಾಗಿ ಇಳಿಸಿಕೊಳ್ಳುವ ಅನುಕೂಲ ಇದೆಯಾ ನೋಡಿ. ಅದಿದ್ದರೆ ಒಂದು ತಾಣ ಮುಚ್ಚಿದರೂ ವೃಕ್ಷವನ್ನು ಇನ್ನೊಂದಕ್ಕೆ ಸಾಗಿಸಬಹುದು. ಇಂಟರ್ನೆಟ್ಟೇ ಬೇಡ ಅನ್ನುವವರಿಗೆ ಗ್ರಾಂಪ್ಸ್ ಅನ್ನುವ ಉಚಿತ ತಂತ್ರಾಂಶವಿದೆ.

ಫ್ಯಾಮಿಲಿಸರ್ಚ್‌ನಲ್ಲಿ ಎಲ್ಲರಿಗೂ ಸೇರಿ ಒಂದೇ ವೃಕ್ಷ. ತೀರಿಹೋದ ನಿಮ್ಮ ತಾತನ ವಿವರವನ್ನು ಬೇರೆಯವರು ತಿದ್ದಬಹುದು. ಅದಕ್ಕೇ ಪ್ರತಿ ಹೆಸರಿನ ಕೆಳಗೆ ಆಧಾರ ಬರೆಯಿರಿ: ಯಾವ ಪಹಣಿ, ಯಾವ ವರ್ಷ, ಯಾರು ಹೇಳಿದ್ದು. ಬದುಕಿರುವವರ ಹುಟ್ಟಿದ ತಾರೀಕು, ಅಮ್ಮನ ತವರಿನ ಹೆಸರು ಹಾಕಲೇಬೇಡಿ. ಬ್ಯಾಂಕಿನವರು ಗುರುತಿಗೆ ಕೇಳುವ ವಿವರಗಳೇ ಅವು.

ಡಿಎನ್‌ಎ ಪರೀಕ್ಷೆ ಬಗ್ಗೆಯೂ ಕೇಳುತ್ತಾರೆ. ಎಂಜಲು ಕಳಿಸಿದರೆ ಅದೇ ಕಂಪನಿಗೆ ಕಳಿಸಿದ ಬೇರೆಯವರ ಜೊತೆ ಹೋಲಿಸಿ ನೆಂಟಸ್ತನ ಅಂದಾಜು ಮಾಡುತ್ತಾರೆ. ಅಪ್ಪ ಅಮ್ಮನ ಜೊತೆ ಅರ್ಧರ್ಧ, ಚಿಕ್ಕಪ್ಪನ ಮಕ್ಕಳ ಜೊತೆ ಸುಮಾರು ಶೇ 12.5 ಹೊಂದುತ್ತದೆ. ಆದರೆ ನಮ್ಮಲ್ಲಿ ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ಮದುವೆಯಾಗುವ ರೂಢಿ ಇತ್ತು. ಒಬ್ಬರೇ ಎರಡು ಮೂರು ಕಡೆಯಿಂದ ನೆಂಟರಾಗುತ್ತಾರೆ. ಆಗ ದೂರದವರೂ ಹತ್ತಿರದವರ ಹಾಗೆ ಕಾಣುತ್ತಾರೆ. ಹೆಸರಂತೂ ಡಿಎನ್‌ಎಯಲ್ಲಿ ಇರುವುದಿಲ್ಲ. ಇನ್ನೊಂದು ವಿಷಯ ತಿಳಿದಿರಲಿ: ಇಂಥ ಪರೀಕ್ಷೆ ಮಾಡುವ 23ಆ್ಯಂಡ್‌ಮಿ ಕಂಪನಿಯಿಂದ 2023ರಲ್ಲಿ ಲಕ್ಷಾಂತರ ಜನರ ಮಾಹಿತಿ ಕಳುವಾಯಿತು, 2025ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಆ ಮೂರನೇ ಹೆಸರು

ಪಾರೀಕತ್ತಿನ ಹೆಂಗಸಿನ ಹೆಸರಿನ ಮುಂದೆ ‘ಕೋಂ ಲೇಟ್’ ಅಂತ ಇತ್ತು. ಅದರ ಮುಂದೆ ಇದ್ದದ್ದು ನಮ್ಮ ದೊಡ್ಡಪ್ಪನ ಹೆಸರು. ಆಗ ದೊಡ್ಡಪ್ಪ ಹುಟ್ಟಿಯೇ ಇರಲಿಲ್ಲ. ಸುಮ್ನೆ ಕಾಕತಾಳೀಯ ಅಂದುಕೊಂಡು ಬಿಟ್ಟೆವು.

ಉತ್ತರ ಸಿಕ್ಕಿದ್ದು ಅದೇ ಸರ್ವೆ ನಂಬರಿನ ಹಳೇ ಎಂ.ಆರ್. ನಕಲಿನಲ್ಲಿ. ಒಂದೇ ಸಾಲು. ಆಕೆ ಮಕ್ಕಳಿಲ್ಲದೆ ಪೌತಿಯಾದ ಕಾರಣ ಜಮೀನು ಮೈದುನನ ಮಗನಿಗೆ, ಅಂದರೆ ನಮ್ಮ ತಾತನಿಗೆ, ಬಂತು ಅಂತ. ಮೈದುನ ಅಂದರೆ ಗಂಡನ ತಮ್ಮ. ಹಾಗಾದರೆ ಮುತ್ತಜ್ಜನಿಗೆ ಒಬ್ಬ ಅಣ್ಣ ಇದ್ದರು. ನಾವೆಲ್ಲ ಮುತ್ತಜ್ಜನೇ ಹಿರೀಮಗ ಅಂದುಕೊಂಡಿದ್ದೆವು. ಅಣ್ಣ ಚಿಕ್ಕ ವಯಸ್ಸಿನಲ್ಲೇ ತೀರಿಹೋಗಿ, ಅವರ ಹೆಸರನ್ನು ಮುಂದೆ ಮನೆಯಲ್ಲಿ ಹುಟ್ಟಿದ ಮೊದಲ ಗಂಡುಮಗುವಿಗೆ ಇಟ್ಟಿದ್ದಾರೆ. ಈ ಮಾತು ಹೇಳಿದಾಗ 80 ದಾಟಿದ ದೊಡ್ಡಪ್ಪ ಆ ನಕಲನ್ನು ಕೈಗೆ ತೆಗೆದುಕೊಂಡು ತುಂಬಾ ಹೊತ್ತು ನೋಡಿದರು.

ಮಕ್ಕಳಿಲ್ಲದ ವಿಧವೆಗೆ ಆ ಕಾಲದಲ್ಲಿ ಪಾಲು ಹೇಗೆ ಬಂತು ಅನ್ನುವುದಕ್ಕೂ ಕಾರಣವಿದೆ. ಮೈಸೂರು ಸಂಸ್ಥಾನದಲ್ಲಿ 1933ರಲ್ಲಿ ಹಿಂದೂ ಹೆಂಗಸರ ಹಕ್ಕುಗಳ ಕಾಯ್ದೆ ಬಂತು. ಆಸ್ತಿ ಭಾಗವಾಗುವಾಗ ವಿಧವೆಯರಿಗೂ ಪಾಲು ಕೊಡಬೇಕು ಅಂತ ಅದು ಹೇಳಿತು. ನಮ್ಮ ಪಾರೀಕತ್ತು ಅದಾಗಿ ಮೂರನೇ ವರ್ಷದ್ದು. ಆ ಕಾಯ್ದೆ ಇಲ್ಲದಿದ್ದರೆ ಆಕೆಗೆ ಊಟ ಬಟ್ಟೆಗೆ ಇಷ್ಟು ಅಂತ ಬಿಟ್ಟರೆ ಜಮೀನಿನ ಪಾಲು ಸಿಗುತ್ತಿರಲಿಲ್ಲ. ಹೆಸರೂ ಉಳಿಯುತ್ತಿರಲಿಲ್ಲ.

ಆಕೆಯ ತವರು ಯಾವ ಊರು ಅಂತ ಇನ್ನೂ ಗೊತ್ತಾಗಿಲ್ಲ. ಪಾರೀಕತ್ತಿನ ಕೊನೆಯಲ್ಲಿ ನಾಲ್ಕು ಸಾಕ್ಷಿಗಳ ಹೆಬ್ಬೆಟ್ಟಿದೆ. ಮೂವರು ನಮ್ಮೂರಿನವರೇ. ನಾಲ್ಕನೆಯವರ ಹೆಸರಿನ ಜೊತೆ ಪಕ್ಕದ ಹೋಬಳಿಯ ಹಳ್ಳಿಯ ಹೆಸರಿದೆ. ಹೆಣ್ಣುಮಗಳಿಗೆ ಪಾಲು ಬರೆಯುವಾಗ ಅವಳ ಕಡೆಯಿಂದ ಅಣ್ಣನೋ ತಮ್ಮನೋ ಬಂದು ಸಾಕ್ಷಿ ಹಾಕಿರಬಹುದು. ಮುಂದಿನ ವಾರ ಆ ಹಳ್ಳಿಯ ಪಹಣಿ ತೆಗೆದು, ಆ ಹೆಸರಿನ ಪಕ್ಕ ‘ಬಿನ್’ ಆದಮೇಲೆ ಯಾರಿದ್ದಾರೆ ಅಂತ ನೋಡಬೇಕು.